ಬಾವಿಗೆ ಎರೆದ ಹಾಲು

ನಮ್ಮ ಬಿಲ್ಡಿಂಗಿನಲ್ಲಿ ಒಂದು ಬಾವಿ ಉಂಟು ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಕಾಂದಿವಲಿ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷ. ನಾಲ್ಕು ಮಹಡಿಯ ಹಳೆಯ ಸೊಸೈಟಿ, ಲಿಫ್ಟ್ ಇಲ್ಲ. ಹಿಂದಿನ ಕಾಂಪೌಂಡ್ ಗೋಡೆಯ ಹತ್ತಿರ, ತುಕ್ಕು ಹಿಡಿದ ಸೈಕಲ್ಲುಗಳ ಆಚೆ, ಸಿಮೆಂಟಿನ ರಿಂಗ್ ಇಳಿಸಿ ಕಟ್ಟಿದ ಸಣ್ಣ ಬಾವಿ. ಅದನ್ನು ಒಂಬತ್ತು ವರ್ಷ ನೋಡಿಕೊಂಡವರು ನನ್ನ ಗಂಡ.

ಇವರು ಹೋಗಿ ಮೊನ್ನೆಗೆ ಒಂದು ವರ್ಷವಾಯಿತು. ಇವರು ಹೋದ ಒಂದೂವರೆ ತಿಂಗಳಲ್ಲಿ ಆ ಬಾವಿಯೂ ಮುಚ್ಚಿಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು. ಅದು ಉಳಿದದ್ದು ಬೇರೆ ಕೆಲವರ ಒಳ್ಳೆಯತನದಿಂದ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಬರೆದಿಡುತ್ತೇನೆ.

ಇವರು ದಾದರಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಉಡುಪಿಯ ಕಡೆಯಿಂದ ಹದಿನಾರನೇ ವಯಸ್ಸಿಗೆ ಬಂದವರು ಕೊನೆಯವರೆಗೂ ಅದೇ ಹೋಟೆಲಿನ ಒಲೆಯ ಮುಂದೆ ನಿಂತರು. ಜೋರು ಮಳೆ ಬಂದ ದಿನ ಆ ಬೀದಿಯ ಗಟಾರ ಉಕ್ಕಿ ಹೋಟೆಲಿನ ಅಡುಗೆಮನೆಗೆ ನೀರು ನುಗ್ಗುತ್ತಿತ್ತು. ಅಕ್ಕಿ ಮೂಟೆಗಳನ್ನು ಬೆಂಚಿನ ಮೇಲೆ ಏರಿಸಿ, ಮೊಣಕಾಲವರೆಗಿನ ನೀರಿನಲ್ಲೇ ನಿಂತು ಸಾಂಬಾರು ಕುದಿಸಿದ ಕಥೆಯನ್ನು ಇವರು ನಗುತ್ತಾ ಹೇಳುತ್ತಿದ್ದರು. ಲೋಕಲ್ ಬಂದಾಗಿ ಹಳಿಯ ಮೇಲೆ ನಡೆದು ಮನೆಗೆ ಬಂದದ್ದೂ ಉಂಟು. ಮನೆಗೆ ಬಂದರೆ ಇಲ್ಲಿಯೂ ಅದೇ. ನಮ್ಮ ಗಲ್ಲಿಯ ಕೊನೆಯಲ್ಲಿ ಮಳೆನೀರು ಹರಿಯುವ ನಾಲೆ. ಅದು ತುಂಬಿದರೆ ಮೊದಲು ನೀರು ನಿಲ್ಲುವುದು ನಮ್ಮ ಗೇಟಿನ ಒಳಗೆ.

ಅದೇ ಬಿಲ್ಡಿಂಗಿಗೆ ಏಪ್ರಿಲ್ ಬಂದರೆ ಟ್ಯಾಂಕರ್ ತರಿಸಬೇಕು. ನಳದಲ್ಲಿ ಬೆಳಿಗ್ಗೆ ನಲವತ್ತು ನಿಮಿಷ ನೀರು. ಟ್ಯಾಂಕರಿನವ ಹಾರ್ನ್ ಹೊಡೆದರೆ ನಾವು ಹೆಂಗಸರು ಕೆಳಗಿಳಿದು ಅವನ ಹತ್ತಿರ ಜಗಳಾಡುತ್ತಿದ್ದೆವು. ಜುಲೈಯಲ್ಲಿ ಗೇಟಿನ ಒಳಗೆ ನಿಂತ ನೀರನ್ನು ಪೊರಕೆಯಿಂದ ಹೊರಗೆ ದೂಡುವವರೂ ನಾವೇ. ಎರಡೂ ನೀರೇ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಇವರಿಗೆ ಹೊಳೆದದ್ದು ವಾರ್ಡ್ ಆಫೀಸಿನಲ್ಲಿ. ಒಂದು ರಜೆಯ ದಿನ ಗಟಾರದ ದೂರು ಕೊಡಲು ಹೋದವರು ಮೂರು ಗಂಟೆ ಕಳೆದು ಬಂದರು. ಅಲ್ಲಿ ಮಳೆನೀರಿನ ಇಲಾಖೆಯ ಒಬ್ಬ ಎಳೆಯ ಎಂಜಿನಿಯರ್ ಇವರನ್ನು ಕೂರಿಸಿಕೊಂಡು ಮಾತಾಡಿದ್ದನಂತೆ. ಹೊಸ ಕಟ್ಟಡ ಕಟ್ಟುವವರು ಮಳೆನೀರು ಹಿಡಿಯಲೇಬೇಕು ಎಂಬ ನಿಯಮ ಉಂಟು, ಹಳೆಯವರಿಗೆ ಒತ್ತಾಯ ಇಲ್ಲ, ಆದರೆ ಹಳೆಯ ಬಿಲ್ಡಿಂಗುಗಳೇ ಈ ಊರಿನಲ್ಲಿ ಹೆಚ್ಚು ಎಂದನಂತೆ. ದಾದರಿನ ಕಡೆ ನೆಲದ ಅಡಿಯಲ್ಲಿ ದೊಡ್ಡ ಟ್ಯಾಂಕಿ ಕಟ್ಟಿ ರಸ್ತೆಯ ಮಳೆನೀರನ್ನು ಅದಕ್ಕೆ ತುಂಬಿಸಿ, ಸಮುದ್ರದ ಉಬ್ಬರ ಇಳಿದ ಮೇಲೆ ಬಿಡುವ ಕೆಲಸ ಮುನ್ಸಿಪಾಲಿಟಿ ಮಾಡುತ್ತಿದೆ, ಆದರೆ ಪ್ರತಿ ಗಲ್ಲಿಗೂ ಟ್ಯಾಂಕಿ ಕಟ್ಟಲಿಕ್ಕೆ ಆಗುತ್ತದೆಯೇ ಎಂದು ಕೇಳಿದನಂತೆ. “ಕಾಕಾ, ನಿಮ್ಮ ಟೆರೇಸಿನ ನೀರು ನಿಮ್ಮ ಬಾವಿಗೆ ಇಳಿದರೆ ನನ್ನ ನಾಲೆಗೆ ಅಷ್ಟು ಭಾರ ಕಡಿಮೆ” ಎಂದನಂತೆ.

ಇವರು ಚಪ್ಪಲಿ ಬಿಚ್ಚುವ ಮೊದಲೇ ಇಷ್ಟನ್ನೂ ನನಗೆ ಹೇಳಿ ಮುಗಿಸಿದರು. “ಯಾವ ಬಾವಿ?” ಎಂದೆ ನಾನು. ನಮಗೆ ಬಾವಿ ಇರುವುದು ನನಗೇ ಮರೆತು ಹೋಗಿತ್ತು. ಅದರ ಮೇಲೆ ಚಪ್ಪಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಮೂರನೇ ಮಹಡಿಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಇದ್ದಾರೆ, ಗುಜರಾತಿನವರು, ಬ್ಯಾಂಕಿನಿಂದ ರಿಟೈರ್ ಆದವರು. ಎಲ್ಲರೂ ಭಾಯಿ ಎನ್ನುತ್ತೇವೆ. ಆ ಮೂಲೆಯನ್ನು ಸಮ ಮಾಡಿ ಸ್ಕೂಟರ್ ನಿಲ್ಲಿಸುವ ಜಾಗ ಮಾಡಬೇಕೆಂದು ಅವರಿಗೆ ಮೊದಲಿನಿಂದ ಆಸೆ. ಮೀಟಿಂಗಿನಲ್ಲಿ ಇವರು ಬಾವಿಯ ಮಾತೆತ್ತಿದಾಗ ಭಾಯಿ, “ಹಾಗಾದರೆ ನನ್ನ ಸ್ಕೂಟರ್ ಎಲ್ಲಿ ನಿಲ್ಲಿಸಲಿ, ನಿಮ್ಮ ಬಾವಿಯ ಒಳಗಾ?” ಎಂದರು. ಇವರು, “ನಿಲ್ಲಿಸಿ ಭಾಯಿ, ತೊಳೆದೂ ಕೊಡುತ್ತೇನೆ” ಎಂದರು. ಅಂದಿನಿಂದ ಅವರಿಬ್ಬರ ಜಗಳ ಒಂಬತ್ತು ವರ್ಷ ನಡೆಯಿತು. ಮೆಟ್ಟಿಲಿನಲ್ಲಿ ಎದುರಾದರೆ ಶುರು. ಜಗಳ ಮುಗಿಸಿ ಇಬ್ಬರೂ ಒಟ್ಟಿಗೆ ಚಹಾ ಕುಡಿಯುವುದು ನಮ್ಮ ಮನೆಯಲ್ಲಿ.

ಪೈಪಿನ ಕೆಲಸ ಮಾಡಿದವನು ವಿಜಯಪುರದ ಕಡೆಯ ಒಬ್ಬ ಪ್ಲಂಬರ್, ಹತ್ತಿರದ ಝೋಪಡಪಟ್ಟಿಯ ಗುಡಿಸಲಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುತ್ತಾನೆ. ಟೆರೇಸಿನಿಂದ ಇಳಿಯುವ ಪೈಪುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ಜಲ್ಲಿ ಮರಳು ತುಂಬಿದ ಒಂದು ತೊಟ್ಟಿಯ ಮೂಲಕ ಬಾವಿಗೆ ತಂದ. ತೊಟ್ಟಿಗೆ ಮುಂಚೆ ಪೈಪಿನ ತಳದಲ್ಲಿ ಒಂದು ಮುಚ್ಚಳ. ಮಳೆಗಾಲದ ಮೊದಲ ಮಳೆಗೆ ಆ ಮುಚ್ಚಳ ತೆಗೆದು ಅರ್ಧ ಗಂಟೆ ನೀರನ್ನು ಗಟಾರಕ್ಕೆ ಬಿಡಬೇಕು. ಟೆರೇಸಿನ ಧೂಳು, ಪಾರಿವಾಳದ ಹೊಲಸು ಎಲ್ಲ ತೊಳೆದುಹೋದ ಮೇಲೆ ಮುಚ್ಚಳ ಹಾಕಿದರೆ ಒಳ್ಳೆಯ ನೀರು ಬಾವಿಗೆ ಇಳಿಯುತ್ತದೆ. ಇದು ಮೀಟಿಂಗಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಕೈಗೆ ಬಂದ ನೀರನ್ನು ಯಾಕೆ ಬಿಡಬೇಕು ಎಂದರು. ಇವರು ನಮ್ಮ ಅಡುಗೆಮನೆಯಿಂದ ಅಕ್ಕಿ ತಂದು ಎಲ್ಲರ ಎದುರು ಪಾತ್ರೆಯಲ್ಲಿ ತೊಳೆದು ತೋರಿಸಿದರು. ಮೊದಲನೇ ನೀರು ಮಣ್ಣಿನ ಬಣ್ಣ, ಚೆಲ್ಲಿದರು. ಎರಡನೆಯದನ್ನು ಭಾಯಿಯ ಹೆಂಡತಿಯ ತುಳಸಿಗೆ ಹಾಕಿದರು. ಮತ್ತೆ ಯಾರೂ ಕೇಳಲಿಲ್ಲ.

ಆ ನೀರನ್ನು ನಾವು ಕುಡಿಯುವುದಿಲ್ಲ. ಬಟ್ಟೆ, ನೆಲ, ಪಾಯಖಾನೆಗೆ ಸಾಕು. ಎರಡನೇ ವರ್ಷದಿಂದ ಟ್ಯಾಂಕರಿನ ಹಾರ್ನ್ ಅಪರೂಪವಾಯಿತು. ಗೇಟಿನ ಒಳಗೆ ನೀರು ನಿಲ್ಲುವುದು ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಆದರೆ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ.

ಬಾವಿ ತೆರೆದ ಮೇಲೆ ಸೊಳ್ಳೆಯ ಇಲಾಖೆಯವರು ಬಂದರು. ಮಲೇರಿಯಾದ ಹೆದರಿಕೆ ಇರುವ ಊರು ಇದು, ನಿಂತ ನೀರು ಕಂಡರೆ ಅವರು ಬಿಡುವುದಿಲ್ಲ. ಅದರ ಇನ್‌ಸ್ಪೆಕ್ಟರ್ ನಮಗಿಂತ ಕಿರಿಯ ಮರಾಠಿ ಮನುಷ್ಯ. ಬಾವಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಬೇಕು, ಗಪ್ಪಿ ಮೀನು ಬಿಡಬೇಕು, ಅವು ಸೊಳ್ಳೆಯ ಮರಿಯನ್ನು ತಿನ್ನುತ್ತವೆ ಎಂದು ಹೇಳಿ ತಾನೇ ಪ್ಲಾಸ್ಟಿಕ್ ಚೀಲದಲ್ಲಿ ಮೀನು ತಂದು ಬಿಟ್ಟ. ಒಂದು ಇಲಾಖೆ ನೀರು ಹಿಡಿಯಿರಿ ಅನ್ನುತ್ತದೆ, ಇನ್ನೊಂದು ಹಿಡಿದ ನೀರಿಗೆ ಬೈಯುತ್ತದೆ ಎಂದು ನಾನು ಗೊಣಗಿದರೆ ಇವರು ಒಪ್ಪುತ್ತಿರಲಿಲ್ಲ. “ಒಬ್ಬನಿಗೆ ರಸ್ತೆ ಮುಳುಗುವ ಚಿಂತೆ, ಇನ್ನೊಬ್ಬನಿಗೆ ಜ್ವರದ ಚಿಂತೆ. ಎರಡೂ ನಮ್ಮ ಸಲುವಾಗಿಯೇ ಅಲ್ವಾ ಮಾರಾಯ್ತಿ?” ಎನ್ನುತ್ತಿದ್ದರು.

ಹೋದ ವರ್ಷ ಮೇ ತಿಂಗಳ ಆರಂಭದಲ್ಲಿ ಇವರು ಹೋದರು. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬೂಟಿನ ಲೇಸು ಕಟ್ಟಲು ಬಗ್ಗಿದರು, ಹಾಗೆಯೇ ಗೋಡೆಗೆ ಒರಗಿದರು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಕೆಳಗೆ ಇಳಿಸಲು ನಾಲ್ಕು ಮಹಡಿಯ ಗಂಡಸರೂ ಬಂದಿದ್ದರು. ಮುಂದೆ ಹಿಡಿದವರು ಭಾಯಿ, ಅವರ ಮೊಣಕಾಲು ನೋವು ಎಲ್ಲರಿಗೂ ಗೊತ್ತು.

ಸೂತಕ ಕಳೆಯುವ ದಿನ ಬಾಂದ್ರಾದಿಂದ ಇವರ ಅಕ್ಕ ಬಂದಿದ್ದರು. ಭಟ್ಟರು ಪುಣ್ಯಾಹ ಮಾಡಿ ಮನೆಯಲ್ಲೆಲ್ಲ ಪ್ರೋಕ್ಷಣೆ ಮಾಡಿದರು. ಊರಿನಲ್ಲಿ ಇಂಥ ದಿನ ಬಾವಿಗೂ ಒಂದು ಚಮಚ ಪಂಚಗವ್ಯ ಹಾಕುತ್ತಾರೆ. ಭಟ್ಟರು ಹೊರಟ ಮೇಲೆ ಅತ್ತಿಗೆಗೆ ಅದು ನೆನಪಾಯಿತು.

“ಅಲ್ಲ ಮಾರಾಯ್ತಿ, ಇಲ್ಲಿಯೂ ಬಾವಿ ಉಂಟಲ್ಲ. ಅವನದ್ದೇ ಬಾವಿ. ಅದಕ್ಕೆ ಸೂತಕ ಹಾಗೆಯೇ ಬಿಡುವುದಾ?”

“ಭಟ್ಟರನ್ನು ಕೇಳಬೇಕಿತ್ತು ಅತ್ತಿಗೆ.”

“ಕೇಳುವುದೆಂತ? ಉಳಿದದ್ದು ಉಂಟಲ್ಲ, ತಾ.”

ಉಳಿದದ್ದು ಒಂದು ಚೊಂಬು ತುಂಬ ಇತ್ತು. ಅಷ್ಟನ್ನೂ ತೆಗೆದುಕೊಂಡು ಇಬ್ಬರೂ ಇಳಿದೆವು. ಜಾಲರಿಯ ಮೂಲೆ ಎತ್ತಿ ಎರೆದೆವು. ಆ ಹೊತ್ತಿಗೆ ನನಗೆ ಏನೋ ಆಯಿತು. ಮೇಲೆ ಹೋಗಿ, ಪಾಯಸಕ್ಕೆಂದು ಹೋಟೆಲಿನವರು ಕಳಿಸಿದ ಹಾಲಿನಲ್ಲಿ ಮಿಕ್ಕಿದ್ದ ಅರ್ಧ ಕ್ಯಾನನ್ನು ತಂದು ಅದನ್ನೂ ಎರೆದೆ. ಇವರ ಬಾಯಿಗೆ ಕೊನೆಗೆ ಒಂದು ಹನಿ ನೀರು ಬಿಡಲು ನನಗೆ ಸಮಯ ಸಿಕ್ಕಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಇಬ್ಬರೂ ಮೇಲೆ ಬಂದೆವು.

ಬೇಸಿಗೆಯ ಕೊನೆ, ಬಾವಿಯಲ್ಲಿ ನೀರು ಸೊಂಟದಷ್ಟು ಇದ್ದರೆ ಹೆಚ್ಚು. ಮೂರನೇ ದಿನಕ್ಕೆ ಆ ಮೂಲೆಯಿಂದ ಹುಳಿ ವಾಸನೆ ಹೊಡೆಯತೊಡಗಿತು. ನನಗೆ ನಾಚಿಕೆಯಾಯಿತು. ಭಾಯಿಯ ಮೂಗಿಗೆ ಬೀಳುವ ಮೊದಲೇ ಸರಿಮಾಡಬೇಕು ಎಂದು ಅಂಗಡಿಯಿಂದ ಬ್ಲೀಚಿಂಗ್ ಪೌಡರ್ ತಂದೆ. ಊರಿನಲ್ಲಿ ಬಾವಿಗೆ ಅದನ್ನು ಹಾಕುವುದನ್ನು ನೋಡಿದ್ದೆ. ಎಷ್ಟು ಎಂದು ಯಾರಿಗೆ ಗೊತ್ತು? ಪ್ಯಾಕೆಟ್ ಪೂರ್ತಿ ಹಾಕಿದೆ. ವಾಸನೆ ಹೋಯಿತು. ಮೀನು ಇದ್ದದ್ದು ನನ್ನ ತಲೆಯಲ್ಲೇ ಇರಲಿಲ್ಲ. ಮರುದಿನ ಜಾಲರಿಯ ಸಂದಿನಲ್ಲಿ ಇಣುಕಿದಾಗ ನೀರಿನ ಮೇಲೆ ಒಣಗಿದ ಹುಣಸೆ ಎಲೆಯಂಥದ್ದು ತೇಲುತ್ತಿತ್ತು. ಎಲೆ ಅಲ್ಲ ಎಂದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡು ಮೇಲೆ ಬಂದುಬಿಟ್ಟೆ.

ಜೂನಿನಲ್ಲಿ ಮೊದಲ ಮಳೆ ಬಂತು, ಮಧ್ಯಾಹ್ನ ಮೂರರ ಹೊತ್ತಿಗೆ. ನಾನು ಕಿಟಕಿಯ ಹತ್ತಿರ ಕುಳಿತಿದ್ದೆ, ಏಳುವ ಮನಸ್ಸಿರಲಿಲ್ಲ. ಕೆಳಗೆ ನೋಡಿದರೆ ಪೈಪಿನ ಬುಡದಲ್ಲಿ ಒಬ್ಬ ಮನುಷ್ಯ ಕೊಡೆ ಹಿಡಿದು ಕೂತಿದ್ದಾನೆ. ಒಂದು ಕ್ಷಣ ಇವರೇ ಎಂದುಕೊಂಡೆ. ಪ್ಲಂಬರ್. ಓಡಿ ಇಳಿದೆ.

“ಯಾರು ಕರೆದರು ನಿನ್ನನ್ನು?”

“ಯಾರೂ ಕರಿದಿಲ್ರಿ ಅಕ್ಕಾರ. ಮೊದಲಿನ ಮಳಿ ನೀರು ಒಳಗ ಬಿಡಬ್ಯಾಡ ಅಂತ ಅಣ್ಣಾರು ಹೇಳತಿದ್ರಲ್ರಿ. ನೀವು ಎಲ್ಲಿ ಇಳದು ಬರ್ತೀರಿ ಅಂತ ನಾನ ಬಂದೆ. ಟೆರೇಸ್ ಮೊನ್ನೆನ ಗುಡಿಸೇನ್ರಿ.”

ಚಹಾ ಕುಡಿದು ಹೋಗು ಎಂದರೆ ಬೊರಿವಲಿಯಲ್ಲಿ ಕೆಲಸ ಬಿಟ್ಟು ಬಂದಿದ್ದೇನೆ ಎಂದು ಅರ್ಧ ಗಂಟೆಗೆ ಸರಿಯಾಗಿ ಮುಚ್ಚಳ ತಿರುಗಿಸಿ ಓಡಿದ.

ಹತ್ತು ದಿನ ಕಳೆದು ಇನ್‌ಸ್ಪೆಕ್ಟರ್ ಬಂದ. ಬಿಳಿ ಸೌಟಿನಂಥ ಒಂದು ಉದ್ದ ಹಿಡಿಯ ಬಟ್ಟಲು ಅವನ ಕೈಯಲ್ಲಿ ಯಾವಾಗಲೂ ಇರುತ್ತದೆ. ನೀರು ಎತ್ತಿ ನೋಡಿದ. ಬಟ್ಟಲಿನ ತುಂಬ ಸಣ್ಣ ಹುಳುಗಳು ಬಳುಕುತ್ತಿದ್ದವು. “ಕಾಕೂ, ಮಾಸೇ ಕುಠೇ ಗೇಲೇ?” ಎಂದ. ಮೀನೆಲ್ಲ ಎಲ್ಲಿ ಹೋದವು? ನಾನು ಗೊತ್ತಿಲ್ಲ ಎಂದೆ. ಅವನು ಇವರ ಸುದ್ದಿ ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ನೋಟಿಸು ಬರೆದ. ಅದು ಅವನ ಕೆಲಸ. ವಾರದೊಳಗೆ ಸರಿಪಡಿಸಿ, ಇಲ್ಲವಾದರೆ ಬಾವಿ ತುಂಬಿಸಿ ಮುಚ್ಚಿ ಎಂದು.

ಭಾನುವಾರ ಕೆಳಗೆ ಕುರ್ಚಿ ಹಾಕಿ ಮೀಟಿಂಗ್ ಕರೆದರು. ಎರಡನೇ ಮಹಡಿಯಲ್ಲಿ ಒಂದು ಮಗುವಿಗೆ ಜ್ವರ ಬಂದು ಹೋಗಿತ್ತು. ಸಾದಾ ಜ್ವರವೇ, ಆದರೂ ಅದರ ತಾಯಿ ಹೆದರಿದ್ದಳು. ಮುಚ್ಚಿಬಿಡಿ ಎಂದಳು. ನಾಲ್ಕೈದು ಜನ ಹೌದು ಎಂದರು. ಭಾಯಿ ನೋಟಿಸು ಓದಿ, ಕನ್ನಡಕ ತೆಗೆದು, ಇಷ್ಟು ವರ್ಷ ಸಾಯದ ಮೀನು ಈಗ ಯಾಕೆ ಸತ್ತವು ಎಂದು ಕೇಳಿದರು. ಯಾರೋ ಪ್ಲಂಬರ್ ಎಂದರು. ಟೆರೇಸಿಗೆ ಬೇಸಿಗೆಯಲ್ಲಿ ಹಚ್ಚಿದ ವಾಟರ್‌ಪ್ರೂಫಿಂಗ್ ಕೆಮಿಕಲ್ ಇಳಿದಿರಬೇಕು, ಅವನು ಮುಚ್ಚಳ ತೆಗೆದು ನೀರು ಸರಿಯಾಗಿ ಬಿಟ್ಟಿಲ್ಲ, ಕರೆಯದೆ ಯಾಕೆ ಬಂದ ಎಂದರು. ಅವನನ್ನು ಕರೆಸಿದ್ದರು. ಗೇಟಿನ ಹತ್ತಿರ ನಿಂತಿದ್ದ, ಕುರ್ಚಿ ಕೊಟ್ಟಿರಲಿಲ್ಲ.

“ನಾ ಬರೋಬ್ಬರಿ ಬಿಟ್ಟೇನ್ರಿ ಸಾಹೇಬ್ರ” ಎಂದ ಮೊದಲು ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ ಹೇಳಿದ. ಹಿಂದಿಯಲ್ಲಿ ಹೇಳುವಾಗ ಅವನ ದನಿ ಸಣ್ಣದಾಯಿತು.

ನಾನು ಆವರೆಗೆ ಒಂದು ಮೀಟಿಂಗಿನಲ್ಲೂ ಬಾಯಿ ಬಿಟ್ಟವಳಲ್ಲ. ನಮ್ಮ ಮನೆಯ ಮಾತನ್ನು ಇವರು ಆಡುತ್ತಿದ್ದರು, ನಾನು ಚಹಾ ಮಾಡುತ್ತಿದ್ದೆ. ಅವತ್ತೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೈಪು ಕಿತ್ತು, ಬಾವಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಸುತ್ತಿದ್ದರು. ಆ ಮನುಷ್ಯ ಈ ಗಲ್ಲಿಯಲ್ಲಿ ಮತ್ತೆ ಕೆಲಸ ಕೇಳಲು ನಾಚುತ್ತಿದ್ದ.

ಎದ್ದು ನಿಂತು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. “ಅವನು ಕೊಂದದ್ದಲ್ಲ. ನಾನು.” ಪಂಚಗವ್ಯ, ಹಾಲು, ಬ್ಲೀಚಿಂಗ್ ಪೌಡರ್, ಒಂದೊಂದಾಗಿ ಹೇಳಿದೆ. ಹಾಲು ಯಾಕೆ ಎಂದು ಯಾರೋ ಕೇಳಿದರು. ಅದಕ್ಕೆ ಹಿಂದಿ ಸಿಗಲಿಲ್ಲ. ಕನ್ನಡವೂ ಸಿಗಲಿಲ್ಲ.

ಭಾಯಿ ಕನ್ನಡಕ ಮತ್ತೆ ಹಾಕಿಕೊಂಡು, “ಭಾಭಿ, ಒಂಬತ್ತು ವರ್ಷದಲ್ಲಿ ನೀವು ಮೊದಲ ಸಲ ಮೀಟಿಂಗಿನಲ್ಲಿ ಮಾತಾಡಿದಿರಿ. ಅದೂ ಕೊಲೆ ಒಪ್ಪಿಕೊಳ್ಳಲಿಕ್ಕೆ” ಎಂದರು. ಮೊದಲು ನಕ್ಕದ್ದು ಆ ಮಗುವಿನ ತಾಯಿ. ನನಗೂ ನಗು ಬಂತು, ಇವರು ಹೋದ ಮೇಲೆ ಮೊದಲ ಬಾರಿ. ನಗುತ್ತಿದ್ದ ಹಾಗೆ ಅಳು ಬಂತು. ಪ್ಲಂಬರನಿಗೆ ಭಾಯಿಯೇ ತಮ್ಮ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ, ಆದರೆ ಗೇಟಿನಿಂದ ಒಳಗೆ ಬಂದ.

ಅಷ್ಟರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬಾರದು. ಮುಚ್ಚಬೇಕು ಎಂದವರು ಮುಚ್ಚಬೇಕು ಎಂದೇ ಇದ್ದರು. ನೋಟಿಸಿನ ಗಡುವಿಗೆ ಇನ್ನು ನಾಲ್ಕು ದಿನ ಇದೆ, ಅಷ್ಟರಲ್ಲಿ ಹುಳು ಹೋದರೆ ಬಾವಿ ಇರಲಿ, ಹೋಗದಿದ್ದರೆ ಮುಚ್ಚೋಣ ಎಂದು ಭಾಯಿ ತೀರ್ಮಾನ ಬರೆಸಿದರು. ಸ್ಕೂಟರಿನ ಮಾತು ಅವರೂ ಎತ್ತಲಿಲ್ಲ, ಬೇರೆಯವರೂ ಎತ್ತಲಿಲ್ಲ.

ಸೋಮವಾರ ನಾನು ಒಬ್ಬಳೇ ವಾರ್ಡ್ ಆಫೀಸಿಗೆ ಹೋದೆ. ಸೊಳ್ಳೆಯ ಇಲಾಖೆ ಯಾವ ಮಹಡಿ ಎಂದು ಮೂರು ಜನರನ್ನು ಕೇಳಬೇಕಾಯಿತು. ಇನ್‌ಸ್ಪೆಕ್ಟರ್ ಊಟದ ಡಬ್ಬಿ ತೆರೆದು ಕುಳಿತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿದ. ಅವನಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. “ಕಾಕೂ, ಗಣಪತಿಯ ಸಮಯದಲ್ಲಿ ಬಾವಿಗೆ ಜನ ಏನೇನು ಹಾಕುತ್ತಾರೆ ಎಂದು ನಾನು ಹೇಳಿದರೆ ನಿಮ್ಮ ಹಾಲು ಏನೂ ಅಲ್ಲ” ಎಂದ. ಮೊದಲು ಹಳೆಯ ನೀರನ್ನು ಪಂಪಿನಿಂದ ಪೂರ್ತಿ ತೆಗೆಸಿ, ಮಳೆ ಹೊಸ ನೀರು ತುಂಬಿಸಲಿ, ಬ್ಲೀಚಿಂಗ್ ಉಳಿದಿದ್ದರೆ ಹೊಸ ಮೀನೂ ಸಾಯುತ್ತವೆ ಎಂದ. ಪ್ಲಂಬರ್ ಮಂಗಳವಾರ ಪಂಪು ಹಚ್ಚಿದ, ಕೂಲಿ ತೆಗೆದುಕೊಳ್ಳಲಿಲ್ಲ. ಆ ರಾತ್ರಿಯೂ ಮರುದಿನವೂ ಮಳೆ ಬಿಡದೆ ಸುರಿಯಿತು. ಗಲ್ಲಿಯ ನಾಲೆ ಉಕ್ಕಿತು, ಲೋಕಲ್ ನಿಂತವು, ಟಿವಿಯಲ್ಲಿ ಎಲ್ಲ ಕಡೆ ಮಳೆಗೆ ಬೈಗುಳ. ನಾನು ಮಾತ್ರ ಹಿಂದಿನ ಕಿಟಕಿಯಲ್ಲಿ ನಿಂತು ಪೈಪಿನೊಳಗೆ ನೀರು ಇಳಿಯುವ ಸದ್ದು ಕೇಳುತ್ತಿದ್ದೆ. ಇಷ್ಟು ನೀರಿನಲ್ಲಿ ನಮ್ಮ ಪಾಲಿಗೆ ಬಂದಷ್ಟು ನಮ್ಮಲ್ಲೇ ಇಳಿಯುತ್ತಿದೆ ಎಂದು ಸಮಾಧಾನವಾಗುತ್ತಿತ್ತು.

ಗುರುವಾರ ಗಡುವಿನ ದಿನ. ಇನ್‌ಸ್ಪೆಕ್ಟರ್ ನೆನೆದ ರೇನ್‌ಕೋಟಿನಲ್ಲಿ ಬಂದ, ಕೈಯಲ್ಲಿ ಮೀನಿನ ಚೀಲ. ಬಟ್ಟಲು ಇಳಿಸಿ ಎತ್ತಿದ. ಮತ್ತೊಮ್ಮೆ ಇಳಿಸಿದ. ಮೂರು ಸಲವೂ ಬರೀ ನೀರು. ಮೀನನ್ನು ಮೆಲ್ಲಗೆ ಬಿಟ್ಟ. ಭಾಯಿ ಮೊಣಕಾಲು ಹಿಡಿದುಕೊಂಡು ಬಗ್ಗಿ ನೋಡಿದರು. ಎರಡನೇ ಮಹಡಿಯ ಮಗುವಿನ ತಾಯಿ ಮಗುವನ್ನು ಎತ್ತಿ ಮೀನು ತೋರಿಸಿದಳು.

ನೋಟಿಸು ವಾಪಸು ಪಡೆಯಲು ಒಂದು ಕಾಗದ ತುಂಬಬೇಕು. ಬಾವಿಯ ಜವಾಬ್ದಾರಿ ಯಾರದ್ದು ಎಂದು ಅದರಲ್ಲಿ ಒಂದು ಸಾಲು. ಮೊದಲು ಅಲ್ಲಿ ಇವರ ಹೆಸರಿತ್ತು. ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ಎಲ್ಲರ ಮುಖ ನೋಡಿದ. ನಾನು ಭಾಯಿಯ ಮುಖ ನೋಡಿದೆ.

“ನನ್ನನ್ನು ಯಾಕೆ ನೋಡುತ್ತೀರಿ? ಭಾಭಿಯ ಹೆಸರು ಬರೆಯಿರಿ. ಬಾವಿಗೆ ಏನು ಹಾಕಬಾರದು ಎಂದು ಈ ಬಿಲ್ಡಿಂಗಿನಲ್ಲಿ ಇವರಷ್ಟು ತಿಳಿದವರು ಇನ್ನೊಬ್ಬರಿಲ್ಲ” ಎಂದರು ಭಾಯಿ.

ಇಂಗ್ಲಿಷ್ ನನಗೆ ಬರುವುದಿಲ್ಲ, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಕನ್ನಡದಲ್ಲಿ ಸಹಿ ಹಾಕಬಹುದೇ ಎಂದು ಕೇಳಿದೆ. ಹಾಕಿ ಎಂದ ಇನ್‌ಸ್ಪೆಕ್ಟರ್. ಕಾಗದದ ಮೇಲೆ ಮಳೆ ಬೀಳದ ಹಾಗೆ ಪ್ಲಂಬರ್ ಕೊಡೆ ಹಿಡಿದ. ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿಯಿತು. ಭಾಯಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಜವಾಬ್ದಾರಿಯವರೇ, ಜಾಲರಿಯ ಮೇಲೆ ಎಲೆ ಬಿದ್ದಿದೆ. ನೋಡುವವರು ಯಾರೂ ಇಲ್ಲವಾ?”

ಅವರಿಗೆ ಜಗಳಕ್ಕೆ ಜನ ಬೇಕಿತ್ತು. ನನಗೂ ಬೆಳಿಗ್ಗೆ ಏಳಲು ಒಂದು ಕಾರಣ ಬೇಕಿತ್ತು. ಎಲೆ ಬಿದ್ದರೆ ಆಕಾಶ ಬಿದ್ದ ಹಾಗೆ ಮಾಡಬೇಡಿ ಭಾಯಿ ಎಂದು ಹೇಳಿ, ಪೊರಕೆ ತೆಗೆದುಕೊಂಡು ಅವರ ಹಿಂದೆಯೇ ಇಳಿದೆ.